ಹಿತ್ತಾಳೆ ಸರ್ಪದ ಎರಡು ತೂತು

ಮೇವಿಸ್ ಟ್ರಾಂಟರ್‌ಗೆ ಸಿಕ್ಕ ಹಿತ್ತಾಳೆ ತುಂಡನ್ನು ಶವಪೆಟ್ಟಿಗೆಯ ಅಲಂಕಾರ ಎಂದು ಎಲ್ಲರೆದುರು ತೀರ್ಪು ಕೊಟ್ಟವನು ನಾನೇ, ಈ ಲಗ್. ನಮ್ಮ ಲೆಮ್‌ಸ್ಟರ್ ಊರಿನ ಸುತ್ತಲಿನ ಹೊಲಗಳಲ್ಲಿ ಲೋಹಶೋಧಕ ಹಿಡಿದು, ಮಣ್ಣಿನಡಿಯ ಹಳೆಯ ವಸ್ತು ಹುಡುಕುತ್ತ ಹತ್ತೊಂಬತ್ತು ವರ್ಷ ಅಲೆದವನೆಂಬ ಜಂಬ ನನಗಿತ್ತು. ಅವಳು ನಮ್ಮ ಕ್ಲಬ್ ಸೇರಿ ಆರು ವಾರವೂ ಆಗಿರಲಿಲ್ಲ.

ಅವಳು ಹುಮ್ಮಸ್ಸಿನಿಂದ ಬಂದವಳೂ ಅಲ್ಲ. ಇಪ್ಪತ್ತಾರು ವರ್ಷ ದುಡಿದ ಮರದ ಕುರ್ಚಿ ಕಾರ್ಖಾನೆ ಮುಚ್ಚಿದ ಮೇಲೆ ಮನೆ ಹಿಡಿದು ಕೂತಿದ್ದಳು. ವಯಸ್ಸು ಐವತ್ತನಾಲ್ಕು. ಅರ್ಜಿ ಹಾಕಿದ ಕಡೆಯಿಂದೆಲ್ಲ ಒಂದೇ ಒಕ್ಕಣೆಯ ಉತ್ತರ ಬರುತ್ತಿತ್ತು. ಕೊನೆಗೆ ಅವಳ ಅಣ್ಣ ತನ್ನ ಹಳೆಯ ಲೋಹಶೋಧಕ ಯಂತ್ರವನ್ನು ಕೈಗೆ ತುರುಕಿ, "ಬಾಟಲಿ ಮುಚ್ಚಳ ಸಿಕ್ರೂ ಪರವಾಗಿಲ್ಲ, ಸ್ವಲ್ಪ ಗಾಳಿಗೆ ಓಡಾಡು ಮಾರಾಯ್ತಿ" ಎಂದು ನಮ್ಮ ಬಳಿ ಬಿಟ್ಟುಹೋಗಿದ್ದ.

ಅಕ್ಟೋಬರ್‌ನ ಒಂದು ಭಾನುವಾರ ಗ್ವೆಂಡಾ ಪ್ಯೂ ಎಂಬ ರೈತಾಪಿ ಹೆಂಗಸು ತನ್ನ ಉತ್ತ ಹೊಲವನ್ನು ನಮಗೆ ಬಿಟ್ಟುಕೊಟ್ಟಿದ್ದಳು. ಬೇಲಿಯ ಹತ್ತಿರ ಮೇವಿಸ್‌ಳ ಯಂತ್ರ ಕೂಗಿತು. ಒಂದು ಗೇಣು ಅಗೆದಾಗ ಸಿಕ್ಕಿದ್ದು ಅಂಗೈಗಿಂತ ಸ್ವಲ್ಪ ಉದ್ದದ ಒಂದು ಸರ್ಪ. ಬಾಯಿ ತೆರೆದಿತ್ತು, ಬಾಲ ಸುರುಳಿ ಸುತ್ತಿತ್ತು, ಮೈಮೇಲೆ ಹುರುಪೆಗಳೂ ಇದ್ದವು. ನಡುವೆ ಎರಡು ತೂತು.

ಆ ಸಂಜೆ ಪಬ್ಬಿನ ಮೇಜಿನ ಮೇಲೆ ಅದು ಕೈಯಿಂದ ಕೈಗೆ ಹೋಯಿತು. ಒಬ್ಬ ಕುದುರೆ ಜೀನಿನದು ಎಂದ, ಇನ್ನೊಬ್ಬ ಬೀರುವಿನ ಬಾಗಿಲಿನದು ಎಂದ. ನಾನು ಬಿಯರ್ ಲೋಟ ಕೆಳಗಿಟ್ಟು, "ಶವಪೆಟ್ಟಿಗೇದು. ಇಂಥವು ಎಷ್ಟು ನೋಡಿಲ್ಲ ನಾನು!" ಎಂದೆ.

"ಅಲ್ಲ ಲಗ್," ಎಂದಳು ಮೇವಿಸ್ ಮೆಲ್ಲಗೆ.

"ಓಹೋ, ಆರು ವಾರಕ್ಕೇ ಪಂಡಿತರಾಗ್ಬಿಟ್ರಾ ಮೇಡಮ್ಮು?" ಎಂದೆ.

ಎಲ್ಲರೂ ನಕ್ಕರು. ಅವಳು ಕೆಂಪಗಾದಳು, ಆದರೆ ತುಂಡನ್ನು ದೀಪದ ಕೆಳಗೆ ಹಿಡಿದಳು. "ತೂತಿನ ಸುತ್ತ ಬಳೆ ಥರ ಸವೆದಿದೆ ನೋಡಿ. ಇಲ್ಲಿ ತಿರುಪುಮೊಳೆಯ ತಲೆ ಕೂತಿತ್ತು. ಎಷ್ಟೋ ಸಲ ಬಿಚ್ಚಿದಾರೆ, ಎಷ್ಟೋ ಸಲ ಬಿಗಿದಿದಾರೆ. ಶವಪೆಟ್ಟಿಗೇನ ಯಾರಾದ್ರೂ ಪದೇ ಪದೇ ಬಿಚ್ತಾರಾ?"

ಮೇಜು ಮತ್ತೆ ನಕ್ಕಿತು, ಈ ಸಲ ನನ್ನನ್ನು ನೋಡಿ.

ಮುಂದಿನ ವಾರ ಅವಳು ಆಕ್ರೋಟ್ ಮರದ ಒಂದು ತುಂಡು ಹಿಡಿದು ನೇರ ನನ್ನ ಮನೆಗೇ ಬಂದಳು. ಸರ್ಪವನ್ನು ಅದರಲ್ಲಿ ಕೂರಿಸಿದ್ದಳು. ಬೆರಳಾಡಿಸಿದರೆ ಮರ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ.

"ಅಂಚನ್ನ ಓರೆಯಾಗಿ ಅರದಿಂದ ಉಜ್ಜಿದಾರೆ, ಅಂದ್ರೆ ಮರದೊಳಗೆ ಕೂರೋ ವಸ್ತು," ಎಂದಳು. "ಎರಡು ತಿರುಪು ಹಾಕಿ ನೋಡ್ದೆ. ಮರ ದಾಟಿ ಆ ಕಡೆ ಬರ್ತವೆ. ಆ ಕಡೆ ಏನನ್ನೋ ಹಿಡ್ಕೋಬೇಕು. ಏನನ್ನ ಅಂತ ಮಾತ್ರ ಗೊತ್ತಾಗ್ತಿಲ್ಲ."

ನನ್ನ ಜಂಬ ಇಳಿದದ್ದು ಆಗಲೇ. "ಕೋಟು ಹಾಕ್ಕೋ, ನಡಿ," ಎಂದು ಕಾರು ತೆಗೆದೆ.

ಹೆರಿಫರ್ಡ್ ಪಟ್ಟಣದ ಮ್ಯೂಸಿಯಂನಲ್ಲಿ, ಹೊಲಗದ್ದೆಗಳಲ್ಲಿ ಸಿಕ್ಕ ವಸ್ತುಗಳನ್ನು ಗುರುತಿಸಿ ದಾಖಲಿಸುವ ಅಧಿಕಾರಿ ಇಸ್ಮೆ ಹಾರ್ಲಿ. ನಮ್ಮ ಮಾತು ಪೂರ್ತಿ ಕೇಳಿ, ಎದ್ದು ಒಳಕೋಣೆಗೆ ಹೋದಳು. ಬರುವಾಗ ಕೈಯಲ್ಲೊಂದು ಉದ್ದನೆಯ ಹಳೆಯ ಬಂದೂಕಿತ್ತು. ಬಲಮಗ್ಗುಲಿನಲ್ಲಿ ಚಕಮಕಿ ಕಲ್ಲು ಹೊಡೆದು ಕಿಡಿ ಎಬ್ಬಿಸುವ ಯಂತ್ರ. ಅದನ್ನು ಎಡಕ್ಕೆ ಹೊರಳಿಸಿದಳು.

ಅಲ್ಲಿ ಇನ್ನೊಂದು ಸರ್ಪ ಮಲಗಿತ್ತು.

"ನಿಮ್ಮ ತಿರುಪು ಆ ಕಡೆ ಹಿಡ್ಕೊಳ್ಳೋದು ಈ ಯಂತ್ರಾನ," ಎಂದಳು ಇಸ್ಮೆ. "ಸ್ವಚ್ಛ ಮಾಡೋಕೆ ಆಗಾಗ ಬಿಚ್ತಿದ್ರು. ತಿರುಪಿನ ತಲೆ ಮರಾನ ತಿನ್ನದಿರಲಿ ಅಂತ ಈ ಹಿತ್ತಾಳೆ. ಇಂಥ ಸರ್ಪ ಹಾಕಿದ ಬಂದೂಕುಗಳನ್ನ ಸಮುದ್ರದಾಚೆ ಅಮೆರಿಕಕ್ಕೆ ಕಳಿಸ್ತಿದ್ರು, ಅಲ್ಲಿ ಪ್ರಾಣಿಗಳ ತುಪ್ಪಳಕ್ಕೆ ಬದಲಾಗಿ ಕೊಡೋಕೆ. ಇದೊಂದು ಪ್ಯೂ ಅವರ ಹೊಲಕ್ಕೆ ಹೇಗೆ ಬಂತೋ, ನನಗೂ ಗೊತ್ತಿಲ್ಲ."

ಮೇವಿಸ್ ಆ ಬಂದೂಕಿನ ಸರ್ಪದ ಮೇಲೆ ಬೆರಳಿಟ್ಟಳು. ಬಾಲದ ಬಳಿ ಮರ ಸೀಳಿತ್ತು, ಯಾರೋ ಅಂಟು ಮೆತ್ತಿ ಮರದ ಚೂರೊಂದನ್ನು ಕೂರಿಸಿದ್ದರು. "ಅಯ್ಯೋ, ಇದನ್ಯಾರು ಹೀಗೆ ಮಾಡಿದ್ದು? ಚೂರಿನ ಎಳೆ ಮರದ ಎಳೆಗೆ ಅಡ್ಡ ಹೋಗಿದೆ," ಎಂದು ನಿಜವಾಗಿಯೂ ನೊಂದವಳಂತೆ ಕೇಳಿದಳು.

ಇಸ್ಮೆ ಅವಳು ತಂದ ಆಕ್ರೋಟ್ ತುಂಡನ್ನು ಕಿಟಕಿಯ ಬೆಳಕಿಗೆ ಒಯ್ದು ತುಂಬ ಹೊತ್ತು ನೋಡಿದಳು. "ಇದನ್ನ ಯಾರ ಹತ್ರ ಕೆತ್ತಿಸಿದ್ರಿ?"

"ನಾನೇ. ಅಡುಗೆಮನೆ ಮೇಜಿನ ಮೇಲೆ."

"ಒಳಗೆ ಇಂಥ ಸೀಳಿದ ಬಂದೂಕುಗಳು ಮೂವತ್ತಿವೆ. ಮರ ಗೊತ್ತಿರೋರು ಒಬ್ರೂ ಸಿಕ್ಕಿಲ್ಲ. ವಾರಕ್ಕೆ ಎರಡು ದಿನ ಬರ್ತೀರಾ? ಮೂರು ತಿಂಗಳು ನೋಡೋಣ. ಸಂಬಳದ ಕೆಲಸಾನೇ, ಆದ್ರೆ ಮೇಲಿನವರ ಒಪ್ಪಿಗೆ ಬೇಕು."

ಮೇವಿಸ್ ನನ್ನ ಕಡೆ ತಿರುಗಿದಳು, ತಪ್ಪು ಕೇಳಿಸಿತೇನೋ ಎನ್ನುವಂತೆ. "ಹೂಂ ಅನ್ನು," ಎಂದೆ. ಅವಳು ಹೂಂ ಅಂದಳು.

ಸರ್ಪವನ್ನು ಏನು ಮಾಡುವುದೆಂದು ಗ್ವೆಂಡಾ ಪ್ಯೂಳನ್ನು ಕೇಳಿದೆವು, ಹೊಲ ಅವಳದಲ್ಲವೇ. "ಮ್ಯೂಸಿಯಂನಲ್ಲೇ ಇರ್ಲಿ ಬಿಡ್ರಿ, ನಮ್ಮನೇಲಿ ಧೂಳು ಒರೆಸೋರು ಯಾರು?" ಎಂದಳು.

ಮೇಲಿನವರ ಒಪ್ಪಿಗೆ ನವೆಂಬರ್ ಮುಗಿಯುವುದರೊಳಗೆ ಬಂತು. ಮೂರು ತಿಂಗಳು ಮುಗಿದ ಮೇಲೆ ಎರಡು ದಿನ ಮೂರಾಯಿತು. ಮೊನ್ನೆ ಬುಧವಾರ ಬೆಳಿಗ್ಗೆ ಬಸ್ಸಿನ ನಿಲ್ದಾಣದಲ್ಲಿ ಅವಳನ್ನು ಕಂಡೆ. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಉಳಿಗಳು. ಕಾರು ನಿಲ್ಲಿಸಿ, ಹೆರಿಫರ್ಡ್‌ವರೆಗೆ ಬಿಟ್ಟುಬರಲೇ ಎಂದು ಕೇಳಿದೆ.

"ಬೇಡ ಲಗ್, ಬಸ್ಸು ಬಂತು," ಎಂದು ಕೈಬೀಸಿ ಓಡಿದಳು.