ಚೀಲದ ಬಣ್ಣ

"ಒಂದೂ ದೂರಿಲ್ಲ! ಅಮೃತದಂಥ ಮಾಲು ನಮ್ದು," ಎಂದು ಮ್ಯಾನೇಜರ್ ಕುನಾಲ ಮೇಜು ಬಡಿದಾಗ ಮನೀಷಾಗೆ ಸುಮ್ಮನಿರಲಾಗಲಿಲ್ಲ.

ಹುಮನಾಬಾದಿನ ಆ ಪಶು ಆಹಾರದ ಕಂಪನಿಯಲ್ಲಿ ಅವಳ ಕೆಲಸವೇ ಅದು: ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಜಾಲಾಡಿ, ಕಂಪನಿಯ ಹಿಂಡಿಯ ಬಗ್ಗೆ ಯಾರು ಏನಂದರು ಎಂದು ಕುನಾಲನಿಗೆ ತೋರಿಸುವುದು. ಹುಡುಕುತ್ತಿದ್ದದ್ದು ಚೀಲದ ಮೇಲಿನ ಇಂಗ್ಲಿಷ್ ಹೆಸರನ್ನು. ಆ ಹೆಸರು ಯಾವ ದನಗಾಹಿಯ ನಾಲಗೆಯ ಮೇಲೆ ಹೊರಳಬೇಕು? ಈ ಸೀಮೆಯಲ್ಲಿ ಹಿಂಡಿಗೆ ಚೀಲದ ಬಣ್ಣವೇ ಹೆಸರು.

"ಸರ್, ನಮ್ಮ ಹಿಂಡಿಗಿ ಮಂದಿ ಹಸಿರು ಚೀಲ ಅಂತಾರ್ರಿ," ಎಂದವಳೇ ಆ ಎರಡು ಪದ ಟೈಪಿಸಿದಳು.

ಒಂದರ ಹಿಂದೊಂದು ವಿಡಿಯೊ ಬಂದವು. ಚಿಟಗುಪ್ಪದ ರೈತನೊಬ್ಬ ಬೂಷ್ಟು ಹಿಡಿದ ಹಿಂಡಿಯನ್ನು ಅಂಗೈಯಲ್ಲಿ ತೋರಿಸಿ ವಾಚಾಮಗೋಚರ ಬೈಯುತ್ತಿದ್ದ. ಹುಲಸೂರಿನಲ್ಲಿ ಹೊಟ್ಟೆ ಉಬ್ಬಿದ ಆಕಳು. ಇನ್ನೊಂದರಲ್ಲಿ ಮನೀಷಾಳ ತಾಯಿಯ ತಂಗಿ ಧೂಳಮ್ಮ, ಸತ್ತ ಎಮ್ಮೆಯ ಪಕ್ಕ ಕೂತು ಅಳುತ್ತಿದ್ದಳು. ನೆರೆಯವರು ಯಾರೋ ತೆಗೆದಿದ್ದರು. "ಹಸಿರು ಚೀಲದ ಹಿಂಡಿ ತಿಂದು ಸತ್ತದ್ರಿ. ಈಗ ಒಂದಽ ಉಳದದ. ಅದೂ ಹೋದ್ರ ನಾ ಏನ್ ತಿನ್ಲಿ?"

ಕುನಾಲನ ಮುಖ ಒಂದು ಗಳಿಗೆ ಬಿಳಚಿತು. ಆಮೇಲೆ ಅರಳಿತು. "ಶಾಬಾಸ್! ಇದನ್ನ ಇವತ್ತಽ ಮ್ಯಾಲಿನವ್ರಿಗಿ ತಿಳಸ್ತೀನಿ."

ಮೇಲಿನವರಿಗೆ ತಿಳಿದರೆ ಕೆಟ್ಟ ಮಾಲು ವಾಪಸ್ ತರಿಸುತ್ತಾರೆ ಎಂದು ನಂಬಿಬಿಟ್ಟಳು ಹುಚ್ಚು ಹುಡುಗಿ. ಆವತ್ತೇ ಧೂಳಮ್ಮನಿಗೆ ಫೋನ್ ಮಾಡಿದಳು. "ಸಣ್ಣವ್ವ, ಹಸಿರು ಚೀಲ ಮುಟ್ಟಬ್ಯಾಡ. ಬ್ಯಾರೆ ಯಾವ್ದರ ತಗೋ."

ತಿಂಗಳು ತುಂಬುವುದರೊಳಗೆ ಗೋದಾಮಿನ ಮುಂದೆ ಲಾರಿಗಳು ಸಾಲುಗಟ್ಟಿದವು. ಹೊಸ ಚೀಲ, ಹೊಸ ಹೆಸರು, ಹಳದಿ ಬಣ್ಣ; ಮೊದಲ ಲೋಡು ಆಗಲೇ ಅಂಗಡಿ ಮುಟ್ಟಿತ್ತು.

"ಮಾಲು ಬದಲಿ ಆತೇನ್ರಿ ಸರ್?"

"ಮಾಲು ಅದಽ ಅದ. ಇಷ್ಟೆಲ್ಲಾ ಹಳ್ಳಕ್ಕ ಚೆಲ್ಲಾಕ ಆಗ್ತದೇನು? ಇವತ್ತಿನಿಂದ ನೀ ‘ಹಳದಿ ಚೀಲ’ ಅಂತ ಹುಡುಕು. ಬಣ್ಣದ ಮಾತು ತಗದಾಕಿ ನೀನಽ, ಪಗಾರ ಹೆಚ್ಚ ಮಾಡಸ್ತೀನಿ."

ಮನೀಷಾಳ ಮೈಯೆಲ್ಲ ಉರಿದುಹೋಯಿತು. ಎಂಥ ಜನ ಇವರು! ದನ ಸತ್ತವರ ಗೋಳು ಕೇಳಿಸಿಕೊಂಡು ಇವರು ಕಲಿತದ್ದು ಇಷ್ಟೇ?

"ನಿಮಗ ಮನುಷ್ಯಾರು ಅಂತಾರೇನ್ರಿ? ಮೂಕ ಪ್ರಾಣಿಗಿ ವಿಷ ತಿನ್ನಸಾಕತ್ತೀರಲ್ಲ!"

"ಏ, ಹಗೂರ ಮಾತಾಡು. ಉಂಡ ಮನಿ ಜಂತಿ ಎಣಸಬ್ಯಾಡ."

"ನಾ ಉಂಡದ್ದು ನಿಮ್ಮ ಮನ್ಯಾಗಲ್ಲ. ನಮ್ಮ ಸಣ್ಣವ್ವನ ಎಮ್ಮಿ ಹಾಲು ಕುಡದು ಬೆಳದೀನಿ," ಎಂದವಳು ಬ್ಯಾಗು ಹೆಗಲಿಗೇರಿಸಿ ಹೊರಬಿದ್ದಳು. ಅವನು ಹಿಂದಿನಿಂದ ಏನೋ ಕೂಗುತ್ತಿದ್ದ; ಕೂಗಿಕೊಳ್ಳಲಿ, ಅವನ ಬಾಯಿಗೆ ಮಣ್ಣು ಬೀಳ. ಧೂಳಮ್ಮನ ಫೋನು ಬರೀ ರಿಂಗಾಗುತ್ತಿತ್ತು. ಎದುರಿಗೆ ಬಂದ ಬಸವಕಲ್ಯಾಣದ ಬಸ್ಸು ಹತ್ತಿದಳು.

ಕಲ್ಯಾಣದಲ್ಲಿಳಿದು, ಆಟೊ ಹಿಡಿದು ಸಣ್ಣವ್ವನ ಹಳ್ಳಿ ಮುಟ್ಟುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿತ್ತು. ಕೊಟ್ಟಿಗೆಯಲ್ಲಿ ಧೂಳಮ್ಮ ಎಮ್ಮೆಯ ಬೆನ್ನು ತಿಕ್ಕುತ್ತಿದ್ದಳು. ಎಮ್ಮೆ ಬುಟ್ಟಿಯೊಳಗೆ ಮುಖವಿಟ್ಟಿತ್ತು.

"ಬಾರವ್ವ! ನೀ ಹೇಳಿದ್ದು ಬರೋಬರ್ ನೋಡು. ಹಸಿರು ಚೀಲ ಬಿಟ್ಟೇಬಿಟ್ಟೆ. ಹೊಸಾದು ಬಂದದ, ಹಳದೀದು. ಇವತ್ತಽ ತಂದೀನಿ, ಈಗಽ ಹಾಕೀನಿ."

ಮನೀಷಾ ಓಡಿಹೋಗಿ ಬುಟ್ಟಿಯನ್ನು ಒದ್ದಳು. ನೆನೆಸಿದ ಹಿಂಡಿ ನೆಲಕ್ಕೆ ಚೆಲ್ಲಿತು.

"ಹುಚ್ಚ ಹಿಡದದೇನ ನಿನಗ!"

"ಅದಽ ಮಾಲು, ಸಣ್ಣವ್ವ! ಬರೀ ಚೀಲ ಬದಲಿ ಮಾಡ್ಯಾರ, ಹಲ್ಕಟ್‌ಗೋಳು!" ಎನ್ನುತ್ತಲೇ ಅವಳು ಎಮ್ಮೆಯ ದವಡೆ ಹಿಡಿದು ಬಾಯೊಳಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕಷ್ಟು ಹಿಂಡಿಯನ್ನು ಗೋರಿ ಗೋರಿ ಹೊರಗೆಳೆದಳು.

ಧೂಳಮ್ಮ ಗೋಡೆಗೆ ಒರಗಿಸಿದ್ದ ಹಳದಿ ಚೀಲವನ್ನೇ ನೋಡುತ್ತ ನಿಂತಳು. "ನಾವು ಬಣ್ಣ ನೋಡಿ ತಗೋತೀವಂತ ಆ ಸಾಹುಕಾರ ಮಂದೀಗಿ ಹ್ಯಾಂಗ ಗೊತ್ತಾತು? ಯಾರ್ ಹೇಳ್ಯಾರು?"

ಮನೀಷಾ ಚೆಲ್ಲಿದ ಹಿಂಡಿಯನ್ನು ಎರಡೂ ಕೈಯಿಂದ ಬಾಚಿ ದೂರ ಸರಿಸತೊಡಗಿದಳು. ಎಮ್ಮೆ ಮುಸುಡಿ ಮುಂದೆ ಚಾಚಿ, ಅವಳ ಬೆರಳಿಗೆ ಮೆತ್ತಿಕೊಂಡಿದ್ದ ಹಿಂಡಿಯನ್ನು ನೆಕ್ಕತೊಡಗಿತು.