ಕತ್ತು ಹೊರಳಿಸಿದ ಆಡು

ಶುಭಾ ಟೀಚರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಎಂದು ಮಕ್ತಲದಲ್ಲಿ ಯಾರೂ ಹೇಳುವಂತಿಲ್ಲ. ಪ್ರೀತಿ ಬೇಕಾದಷ್ಟಿತ್ತು. ಅದರ ಜೊತೆಗೆ ನಾಲ್ಕು ಜನ ಏನೆಂದುಕೊಂಡಾರೋ ಎಂಬ ಹೆದರಿಕೆಯೂ ಇತ್ತು. ಕೆಲಸ ಕೆಡಿಸಿದ್ದು ಅದೇ.

ತೆಲಂಗಾಣ ಬಂದು ಐದು ವರ್ಷವಾಗಿ, ನಾರಾಯಣಪೇಟೆ ಹೊಸ ಜಿಲ್ಲೆಯಾದ ವರ್ಷ ಅದು. ಜಿಲ್ಲೆಯ ಶಾಲೆಗಳೆಲ್ಲ ಸೇರಿ ಪೇಟೆಯಲ್ಲಿ ಮಕ್ಕಳ ಕರಕುಶಲ ಪ್ರದರ್ಶನ ನಡೆಸಬೇಕೆಂದು ಠರಾವಾಯಿತು. ಶುಭಾ ಪಾಠ ಹೇಳುತ್ತಿದ್ದದ್ದು ಆ ಜಿಲ್ಲೆಯ ಗಡಿಯೂರು ಮಕ್ತಲದ ಶಾಲೆಯಲ್ಲಿ, ಕನ್ನಡ ಮಾಧ್ಯಮದ ತರಗತಿಗೆ. ವರ್ಷ ವರ್ಷಕ್ಕೂ ಮಕ್ಕಳು ಕಡಿಮೆಯಾಗುತ್ತ, ಒಂದೇ ಕೋಣೆಯಲ್ಲಿ ಹಿಡಿಸುವಷ್ಟು ಉಳಿದಿದ್ದರು. ಅವರಿಗೆ ಅವಳು ರಟ್ಟು, ಬಣ್ಣ, ಅಂಟು ಕೊಟ್ಟು, ನಿಮ್ಮ ನಿಮ್ಮ ಹೆಸರಿನ ಮೊದಲ ಅಕ್ಷರ ಮಾಡಿರಿ, ಆದರೆ ಪುಸ್ತಕದಲ್ಲಿದ್ದಂತೆ ಬೇಡ, ಅಕ್ಷರ ಕುಣಿಯಬೇಕು, ನಗಬೇಕು ಎಂದಳು. ಇಷ್ಟು ಹೇಳಿದ್ದೇ ಸಾಕಾಯಿತು. ಗುರುಲಿಂಗನ ಅಕ್ಷರಕ್ಕೆ ಮೀಸೆ ಬಂತು, ಕೊಟ್ರೇಶನದಕ್ಕೆ ಗಾಲಿ ಬಂತು. ಐಶ್ವರ್ಯಳ ‘ಐ’ ಮಾತ್ರ ಆಡಾಯಿತು.

ಅದಕ್ಕೆ ಕಾರಣವಿತ್ತು. ಐಶ್ವರ್ಯ ಮಕ್ತಲದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ತಾಯಿ ವೀರಬಸಮ್ಮ ಗದ್ವಾಲದಾಚೆ ಐಜದ ಕಡೆ, ಬೀಜದ ಹತ್ತಿಯ ಹೊಲಗಳಲ್ಲಿ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಹೂ ಕೂಡಿಸುವ ಕೆಲಸಕ್ಕೆ ಹೋಗಿದ್ದಳು. ತಾಯಿ ಹೊರಟ ದಿನ ಮನೆಯ ಆಡು ಕತ್ತು ಹೊರಳಿಸಿ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತಿತ್ತಂತೆ. ಅಕ್ಷರದ ಸುಳಿಯನ್ನೇ ಹುಡುಗಿ ಆ ಕತ್ತು ಮಾಡಿದಳು. ಒಂದು ಕಿವಿ ಕರಿದು, ಒಂದು ಬಿಳಿದು, ಮನೆಯ ಆಡಿನಂತೆಯೇ. ಆಮೇಲೆ ಅಜ್ಜಿಯ ಫೋನಿನಲ್ಲಿ ತಾಯಿಗೆ ಸುದ್ದಿ ಮುಟ್ಟಿಸಿದಳು: ಪ್ರದರ್ಶನ ನೋಡಲು ಬಾ, ನಿನಗೆ ಓದಲು ಬರದಿದ್ದರೂ ಚಿಂತೆಯಿಲ್ಲ, ಆಡು ಎಲ್ಲಿ ಕಂಡಿತೋ ಅದೇ ನನ್ನ ಅಕ್ಷರ. ಹೂ ಕೂಡಿಸುವ ದಿನಗಳಲ್ಲಿ ಹೊಲದಿಂದ ಯಾರನ್ನೂ ಬಿಡುವುದಿಲ್ಲ. ಆದರೂ ವೀರಬಸಮ್ಮ ಬರುತ್ತೇನೆ ಎಂದಳು. ‘ನಮ್ಮವ್ವ ನನ್ನ ಆಡು ನೋಡಾಕ ಬರ್ತಾಳ್ರಿ ಟೀಚರ್’ ಎಂದು ಹುಡುಗಿ ಬಂದು ಹೇಳಿದಾಗ ಶುಭಾ ಕೂಡ ಖುಷಿಪಟ್ಟಿದ್ದಳು. ಹಾಗಾಗಿ ತನಗೆ ಗೊತ್ತಿರಲಿಲ್ಲ ಎನ್ನಲು ಅವಳಿಗೆ ಬಾಯಿಲ್ಲ.

ಪಕ್ಕದ ಕೋಣೆಯ ತೆಲುಗು ಮಾಧ್ಯಮದವರು ಯಂತ್ರದಲ್ಲಿ ಕೊಯ್ಯಿಸಿದ ಥರ್ಮಾಕೋಲ್ ಅಕ್ಷರ ತರಿಸಿದ್ದರು, ಅದಕ್ಕೆ ಮಿಂಚು ಬೇರೆ. ಆ ತರಗತಿಯ ಸುಗುಣಮ್ಮ ಮೇಡಂ ಒಮ್ಮೆ ಇಣುಕಿ ನೋಡಿ, ನಿಮ್ಮ ಅಕ್ಷರಗಳಿಗೆ ಕೈಕಾಲು ಬಂದಿವೆಯಲ್ಲ ಎಂದು ತೆಲುಗಿನಲ್ಲಿ ಹೇಳಿ ನಕ್ಕು ಹೋದರು. ಕುಹಕವೇನಿಲ್ಲ, ಬರೀ ನಗು. ಆದರೆ ಶುಭಾಳ ಕಣ್ಣಿಗೆ ಆಗಿಂದಾಗಲೇ ಎಲ್ಲ ಸೊಟ್ಟಗೆ ಕಂಡಿತು. ಅಂಟಿನ ಬೆರಳಚ್ಚು, ಹರಿದ ಅಂಚು, ಗೆರೆ ದಾಟಿದ ಬಣ್ಣ. ಮೊದಲೇ ಕನ್ನಡ ಮಾಧ್ಯಮವೆಂದರೆ ಹಿಂದುಳಿದವರು ಎನ್ನುತ್ತಾರೆ, ಇದನ್ನು ಕಂಡರೆ ಇನ್ನೇನೆಂದಾರು ಎಂದು ಅವಳಿಗೆ ಮಕ್ಕಳ ಕೈಕೆಲಸದ ಬಗ್ಗೆಯೇ ನಾಚಿಕೆಯಾಯಿತು. ಆಗಬಾರದ ಕಡೆ ಆದ ನಾಚಿಕೆ ಅದು.

ಪ್ರದರ್ಶನದ ಹಿಂದಿನ ದಿನ ಅವಳು ಉರುಕುಂದಪ್ಪನ ಫ್ಲೆಕ್ಸ್ ಅಂಗಡಿಗೆ ಹೋದಳು. ಅವನ ಕಂಪ್ಯೂಟರಿನಲ್ಲಿ ತೆಲುಗಿಗೆ ಆಟದ ಅಕ್ಷರಗಳು ಬೇಕಾದಷ್ಟಿದ್ದವು, ಬಲೂನಿನಂತೆ ಉಬ್ಬಿದವು, ಜೇನಿನಂತೆ ಸುರಿಯುವವು. ಕನ್ನಡಕ್ಕೆ ಇದ್ದದ್ದು ಮದುವೆ ಕಾರ್ಡಿನ ಅಕ್ಷರವೊಂದೇ.

“ಕನ್ನಡದಾಗ ಯಾರ್ ಕೇಳ್ತಾರ್ರಿ ಟೀಚರ್? ಲಗ್ನಕ್ಕೊಮ್ಮಿ, ತಿಥಿಗೊಮ್ಮಿ” ಎಂದ ಉರುಕುಂದಪ್ಪ.

ಅವಳು ಅದನ್ನೇ ದೊಡ್ಡದಾಗಿ ಹೊಡೆಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿಕೊಂಡು ಬಂದಳು. ಮಕ್ಕಳಿಗೆ ನಿಮ್ಮವು ಬಸ್ಸಿನಲ್ಲಿ ಮುರಿದಾವು ಎಂದು ಹೇಳಿದಳು. ಟೀಚರ್ ಹೇಳಿದ್ದನ್ನು ಮಕ್ಕಳು ನಂಬುತ್ತಾರೆ. ಆ ಹಳೆಯ ಅಕ್ಷರಗಳನ್ನು ಬಿಸಾಡಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ. ಶಾಲೆಯಲ್ಲಿ ಬಿಟ್ಟರೆ ಯಾರಾದರೂ ನೋಡಿಯಾರೆಂದು ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿ ನಾರಾಯಣಪೇಟೆಗೇ ಒಯ್ದು, ಪ್ರದರ್ಶನದ ಮೇಜಿನ ಕೆಳಗೆ ತಳ್ಳಿ ಬಟ್ಟೆ ಇಳಿಬಿಟ್ಟಳು.

ಮೇಜಿನ ಮೇಲೆ ಅಕ್ಷರಗಳು ಬೀಗರಂತೆ ಸಾಲಾಗಿ ಕುಳಿತವು. ಪರೀಕ್ಷಕರು ಬಂದು, ನೀಟಾಗಿದೆ ಎಂದು ಮುಂದೆ ಹೋದರು. ಯಾರೂ ನಗಲಿಲ್ಲ. ಶುಭಾಳಿಗೆ ಬೇಕಾದದ್ದೂ ಅಷ್ಟೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ವೀರಬಸಮ್ಮ ಬಂದಳು. ಐಜದಿಂದ ಗದ್ವಾಲ, ಗದ್ವಾಲದಿಂದ ಮಕ್ತಲ, ಅಲ್ಲಿಂದ ಪೇಟೆ, ಬಸ್ಸು ಬದಲಿಸುತ್ತ ಬಂದವಳ ಬೆರಳಿನ ಸಂದಿಯಲ್ಲಿ ಹತ್ತಿ ಹೂವಿನ ಹಳದಿ ಇನ್ನೂ ಹೋಗಿರಲಿಲ್ಲ. ಮಗಳ ತಲೆ ಸವರಿ, ಮೇಜಿನ ಈ ತುದಿಯಿಂದ ಆ ತುದಿಗೆ ನೋಡುತ್ತ ಹೋದಳು. ತಿರುಗಿ ಬಂದು ಮತ್ತೆ ನೋಡಿದಳು. ಐಶ್ವರ್ಯ ನೆಲ ನೋಡುತ್ತ ನಿಂತಿದ್ದಳು.

“ಟೀಚರ್, ನನಗ ಓದಾಕ ಬರಂಗಿಲ್ರಿ. ಅದಕ್ಕ ಕಾಣವಲ್ದೇನೋ” ಎಂದಳು ವೀರಬಸಮ್ಮ, ತಪ್ಪು ತನ್ನದೇ ಎನ್ನುವಂತೆ ಸಣ್ಣ ದನಿಯಲ್ಲಿ. “ನಮ್ಮ ಆಡು ಯಾವುದ್ರಿ ಇದರಾಗ?”

ಚೀಲ ಶುಭಾಳ ಕಾಲ ಬಳಿಯೇ ಇತ್ತು. ಬಗ್ಗಿ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದ ಮೇಜಿನಲ್ಲಿ ಸುಗುಣಮ್ಮ ಮೇಡಂ ಇದ್ದರು, ಹೆಡ್‌ಮಾಸ್ತರರು ಅಲ್ಲೇ ಚಹಾ ಕುಡಿಯುತ್ತಿದ್ದರು. ಶುಭಾಳ ಬೆರಳು ತಾನಾಗಿಯೇ ಮದುವೆ ಕಾರ್ಡಿನ ‘ಐ’ ತೋರಿಸಿತು. ಇದೇ ನಿಮ್ಮ ಮಗಳದು ಎಂದು ಬಾಯಿಯೂ ಹೇಳಿತು.

ವೀರಬಸಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಶುಭಾ ಹುಡುಗಿಯ ಕಡೆ ನೋಡಲಾರದೆ ಹೋದಳು. ಈಗ ಹೇಳುತ್ತಾಳೆ, ಇದು ನಂದಲ್ಲ ಎನ್ನುತ್ತಾಳೆ ಎಂದುಕೊಂಡಳು. ಐಶ್ವರ್ಯ ಮುಂದೆ ಬಂದು ಆ ಅಕ್ಷರದ ಮೇಲೆ ಬೆರಳಾಡಿಸಿದಳು.

“ಇಲ್ನೋಡಬೇ, ಇದು ಬೆನ್ನು. ಇಲ್ಲಿ ಕತ್ತು ಹೊಳ್ಳೈತಿ. ಕಿವಿ ಸಣ್ಣಾಗ್ಯಾವ, ಅದಕ್ಕ ಕಾಣವಲ್ವು.”

“ಹೂಂ, ಈಗ ಕಾಣ್ತು ನೋಡು” ಎಂದಳು ತಾಯಿ.

ಭೂಮಿ ಬಾಯಿ ಬಿಡಬಾರದೇ ಎನ್ನುವುದನ್ನು ಶುಭಾ ಎಷ್ಟೋ ಸಲ ಬಾಯಿಮಾತಿಗೆ ಆಡಿದ್ದಳು, ಅದು ಹೇಗಿರುತ್ತದೆಂದು ಅವತ್ತು ತಿಳಿಯಿತು. ಹತ್ತು ವರ್ಷದ ಹುಡುಗಿ ತನ್ನ ಟೀಚರ ಮಾನ ಕಾಯಲು ಹೆತ್ತವಳ ಮುಂದೆ ಸುಳ್ಳು ಹೇಳಿದ್ದಳು.

ವೀರಬಸಮ್ಮ ಸಂಜೆಯೊಳಗೆ ಗದ್ವಾಲ ಮುಟ್ಟಬೇಕಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಹೋದ ಮೇಲೆ ಶುಭಾಳಿಗೆ ನಿಂತ ಕಡೆ ನಿಲ್ಲಲಾಗಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಮೇಜಿನ ಕೆಳಗೆ ಬಗ್ಗಿ, ಚೀಲಕ್ಕೆ ಕೈ ಹಾಕಿ, ಆಡನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಮಕ್ತಲದ ಬಸ್ಸು ಇನ್ನೂ ನಿಂತಿತ್ತು. ವೀರಬಸಮ್ಮ ಕಿಟಕಿಯ ಬಳಿ ಕುಳಿತಿದ್ದಳು.

“ನಿಮ್ಮ ಮಗಳು ಮಾಡಿದ್ದು ಇದರಿ. ಆಗ ತೋರ್ಸಿದ್ದು ನಾ ಅಂಗಡ್ಯಾಗ ಮಾಡ್ಸಿದ್ದು. ನಿಮಗ ಸುಳ್ಳು ಹೇಳಿದೆ.”

ವೀರಬಸಮ್ಮ ಆಡನ್ನು ಕಿಟಕಿಯಿಂದ ಒಳಗೆ ತೆಗೆದುಕೊಂಡಳು. ಚೀಲದಲ್ಲಿ ಬಿಳಿ ಕಿವಿ ಉದುರಿಹೋಗಿತ್ತು. ಹೊರಳಿದ ಕತ್ತನ್ನು ಹಳದಿ ಬೆರಳಿನಿಂದ ಸವರಿದಳು.

“ಗೊತ್ತಿತ್ರಿ ಟೀಚರ್. ಅದರಾಗ ಆಡು ಎಲ್ಲಿತ್ತು? ಆಕಿ ನಿಮ್ಮ ಮಾತು ಉಳಿಸಾಕ ಹಂಗಂದ್ಲು. ಆಕಿ ಮಾತು ನಾ ಉಳಿಸಿದೆ.”

ಡ್ರೈವರ್ ಬಸ್ಸು ಶುರು ಮಾಡಿದ. ಇದನ್ನು ನೀವೇ ಒಯ್ಯಿರಿ ಎಂದು ಶುಭಾ ಕೈ ಮುಗಿಯಲು ಹೋದರೆ, ವೀರಬಸಮ್ಮ ಆಡನ್ನು ತಿರುಗಿ ಅವಳ ಕೈಗೇ ಕೊಟ್ಟಳು.

“ನನಗ ಹೇಳಿದ್ರಿ, ಮುಗೀತು. ಆಕಿಗೆ ಹೇಳ್ರಿ.”

ಬಸ್ಸು ಹೋಯಿತು. ಶುಭಾ ಒಂದೇ ಕಿವಿಯ ಆಡನ್ನು ಎದೆಗೆ ಹಿಡಿದುಕೊಂಡು ಪೇಟೆಯ ಬೀದಿಯಲ್ಲಿ ವಾಪಸು ನಡೆದಳು. ಸೀರೆ ಅಂಗಡಿಗಳ ಮುಂದೆ ಕುಳಿತವರು ನೋಡಿದರು, ಒಬ್ಬಿಬ್ಬರು ನಕ್ಕರು. ಆ ನಗು ಅವಳನ್ನು ಮುಟ್ಟಲಿಲ್ಲ. ಐಶ್ವರ್ಯ ಪ್ರದರ್ಶನದ ಬಾಗಿಲಲ್ಲೇ ನಿಂತು, ಚೀಲದಲ್ಲಿ ಸಿಕ್ಕ ಬಿಳಿ ಕಿವಿಯನ್ನು ಕೈಯಲ್ಲಿ ಹಿಡಿದು ದಾರಿ ನೋಡುತ್ತಿದ್ದಳು. ಅಷ್ಟು ದೂರದಿಂದಲೇ ಟೀಚರ ತಲೆ ತಗ್ಗಿತು.