ಕೊನೆಯಿಂದ ಶುರು ಮಾಡುವ ಲೆಕ್ಕ

ಎರಡನೇ ತರಗತಿಯ ಟೀಚರಮ್ಮ ತರಬೇತಿಯಿಂದ ಹೊಸದೊಂದು ಉಪಾಯ ಕಲಿತು ಬಂದಿದ್ದರು. ಲೆಕ್ಕ ಬಿಡಿಸಲು ಕೊನೆಯಿಂದ ಹಿಂದಕ್ಕೆ ನಡೆಯಬೇಕು, ಅಷ್ಟೇ.

"ಒಬ್ಬಳ ಹತ್ರ ಒಂದಷ್ಟು ಬಿಸ್ಕತ್ತಿತ್ತು. ತಂಗಿಗೆ ಎರಡು ಕೊಟ್ಟಳು, ಒಂದು ತಾನು ತಿಂದಳು, ಮೂರು ಉಳೀತು. ಮೊದಲು ಎಷ್ಟಿತ್ತು? ಈಗ ಕೊಟ್ಟಿದ್ದನ್ನೆಲ್ಲ ವಾಪಸ್ ತಗೊಳ್ಳೋಣ."

"ಕೊಟ್ಟಿದ್ದನ್ನ ವಾಪಸ್ ಕೇಳಬಾರದು ಅಂತ ನೀವೇ ಹೇಳಿದ್ರಲ್ಲ ಮಿಸ್," ಎಂದಳು ಮುಂದಿನ ಬೆಂಚಿನ ಹುಡುಗಿ. ಪುಟ್ಟ ದೇಹ, ದೊಡ್ಡ ಬಾಯಿ. ತರಗತಿಗೆಲ್ಲ ಅವಳು ಗುಬ್ಬಿ. "ತಿಂದಿದ್ದು ಹೆಂಗೆ ವಾಪಸ್ ಬರುತ್ತೆ?"

ಟೀಚರಮ್ಮ ತಲೆಯ ಮೇಲೆ ಕೈಹೊತ್ತು ಕೂತರು. ಮರುದಿನ ಗಂಡನ ಹೊಲಿಗೆ ಅಂಗಡಿಯಿಂದ ಒಂದು ಡಬ್ಬಿ ಗುಂಡಿ ತಂದರು. ಗುಂಡಿಯನ್ನು ಯಾರೂ ತಿನ್ನುವಂತಿಲ್ಲ. ಉಳಿದ ಮೂರನ್ನು ಇಟ್ಟು, ತಿಂದದ್ದನ್ನು ಸೇರಿಸಿ, ಕೊಟ್ಟದ್ದನ್ನು ಸೇರಿಸಿ, ಆರು ಎಂದು ಎಣಿಸಿದಾಗ ಮಕ್ಕಳ ಮುಖ ಅರಳಿತು. ಟೀಚರಮ್ಮನ ಮುಖವೂ.

ಅಷ್ಟರಲ್ಲಿ ಹೆಡ್‌ಮಾಸ್ತರು ಬಾಗಿಲಲ್ಲಿ ಇಣುಕಿದರು. "ನಾಳೆ ಮೇಲಧಿಕಾರಿಗಳು ಬರ್ತಾರಮ್ಮ, ಹೊಸ ಪದ್ಧತಿ ನೋಡೋಕೆ. ಉತ್ತರ ಆರು ತಾನೇ? ಎಲ್ಲರಿಗೂ ಬಾಯಿಪಾಠ ಮಾಡಿಸಿಬಿಡಿ."

"ಸರ್, ಅವರು ಬೇರೆ ಲೆಕ್ಕ ಕೇಳಿದ್ರೆ?"

"ಅವರಿಗೇನು ಅಷ್ಟು ಪುರುಸೊತ್ತಿರುತ್ತೆ?"

ಟೀಚರಮ್ಮ ಬಾಯಿಪಾಠ ಮಾಡಿಸಲಿಲ್ಲ. ಅವರು ಊಟಕ್ಕೆ ಹೋದಾಗ ಹೆಡ್‌ಮಾಸ್ತರೇ ಬಂದು ಮಾಡಿಸಿದರು.

ಮೇಲಧಿಕಾರಿಗಳು ಬಂದರು, ಕುರ್ಚಿಯಲ್ಲಿ ಕೂತರು, ಕಷಾಯ ಕುಡಿದವರಂತೆ ಮುಖ ಮಾಡಿ ಕೇಳಿದರು: "ನನ್ನ ಹತ್ರ ಒಂದಷ್ಟು ಪೆನ್ನಿತ್ತು. ಆಫೀಸಿನವರಿಗೆ ನಾಲ್ಕು ಕೊಟ್ಟೆ, ಎರಡು ಕಳ್ಕೊಂಡೆ, ಮೂರು ಉಳೀತು. ಮೊದಲು ಎಷ್ಟಿತ್ತು?"

"ಆರು!" ಇಡೀ ತರಗತಿ ಒಂದೇ ಬಾಯಿಯಾಯಿತು.

"ಶಾಭಾಸ್," ಎಂದರು ಅಧಿಕಾರಿಗಳು.

ಗುಬ್ಬಿ ಇನ್ನೂ ಗುಂಡಿ ಸರಿಸುತ್ತಿದ್ದಳು. "ಒಂಬತ್ತು ಸರ್," ಎಂದಳು, ತಲೆ ಎತ್ತದೆ.

ಅಧಿಕಾರಿಗಳು ಹೆಡ್‌ಮಾಸ್ತರ ಕಡೆ ತಿರುಗಿದರು. "ಆರೋ, ಒಂಬತ್ತೋ?"

ಹಾವೂ ಸಾಯದಂತೆ ಕೋಲೂ ಮುರಿಯದಂತೆ ಬದುಕಿ ಬಂದವರು ಹೆಡ್‌ಮಾಸ್ತರು. "ಇದು ಹಿಂದಿನಿಂದ ನೋಡೋ ಪದ್ಧತಿ ಅಲ್ವಾ ಸರ್. ತಿರುಗಿಸಿ ನೋಡಿದ್ರೆ ಆರೇ ಒಂಬತ್ತು."

ಅಧಿಕಾರಿಗಳು ಗಂಭೀರವಾಗಿ ತಲೆಯಾಡಿಸಿದರು. "ಯಾವುದಾದ್ರೂ ಸರಿ ಬಿಡಿ. 'ಅತ್ಯುತ್ತಮ' ಅಂತ ವರದಿ ಮೊನ್ನೆಯೇ ಕಳಿಸಿದ್ದೀನಿ. ಬಂದು ನೋಡೋದೊಂದು ಬಾಕಿ ಇತ್ತು."

ಅವರು ಹೋದ ಮೇಲೆ ಟೀಚರಮ್ಮ ಗುಬ್ಬಿಯ ಪಕ್ಕ ಕೂತು, "ನಿನ್ನದೇ ಸರಿ ಕಣೆ," ಎಂದರು.

"ಗೊತ್ತು ಮಿಸ್," ಎಂದಳು ಅವಳು.

ವರದಿ ಎಷ್ಟು ಚೆನ್ನಾಗಿತ್ತೆಂದರೆ, ತಿಂಗಳೊಳಗೆ ಟೀಚರಮ್ಮನಿಗೆ ಆದೇಶ ಬಂತು. ಇನ್ನು ಮಕ್ಕಳಿಗೆ ಪಾಠ ಬೇಡ, ಟೀಚರುಗಳಿಗೆ ತರಬೇತಿ ಕೊಡಿ ಎಂದು. ಎರಡನೇ ತರಗತಿಯನ್ನು ಹೆಡ್‌ಮಾಸ್ತರು ತಾವೇ ವಹಿಸಿಕೊಂಡರು.

ದೊಡ್ಡ ಸಭಾಂಗಣದಲ್ಲಿ ಟೀಚರಮ್ಮ ಎಲ್ಲರಿಗೂ ಮುಷ್ಟಿ ಮುಷ್ಟಿ ಗುಂಡಿ ಹಂಚಿದರು. ಕೊನೆಯಿಂದ ಹಿಂದಕ್ಕೆ ನಡೆಯುವುದು ಹೇಗೆಂದು ಗಂಟಲು ಆರುವವರೆಗೆ ವಿವರಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು.

"ಎಲ್ಲ ಅರ್ಥ ಆಯ್ತು ಮೇಡಂ. ಅಧಿಕಾರಿಗಳು ಬಂದಾಗ ಮಕ್ಕಳ ಬಾಯಲ್ಲಿ ಎಷ್ಟು ಅಂತ ಹೇಳಿಸಬೇಕು, ಅದೊಂದು ಹೇಳಿಬಿಡಿ."

ಸಭಾಂಗಣದ ಪೆನ್ನುಗಳೆಲ್ಲ ಒಟ್ಟಿಗೆ ಮೇಲೆದ್ದವು.